ಸೆಲೆಬ್ರಿಟಿಗಳ ಪರಿಸರ ಕಾಳಜಿಯಿಂದ, ‘ಇಕೋ ಫ್ರೆಂಡ್ಲಿ’ ಸಾಮಾನಿನಿಂದ ನಿಜಕ್ಕೂ ಏನಾದರೂ ಉಪಯೋಗ ಇದೆಯಾ?

ನೀವು ಕೇಳಿದ್ದು ಇಷ್ಟು: ನಟ ನಟಿಯರು ಬಿದಿರಿನ ಬ್ರಶ್, ಸ್ಟೀಲ್ ಸ್ಟ್ರಾ ಹಿಡಿದು ಫೋಟೋ ಹಾಕುತ್ತಾರೆ. ಅದನ್ನು ನೋಡಿ ನೀವೂ ಅಂಥ ಸಾಮಾನು ಕೊಳ್ಳಲು ಶುರು ಮಾಡಿದ್ದೀರಿ. ಇದರಿಂದ ಪರಿಸರಕ್ಕೆ ಒಳ್ಳೆಯದಾಗುತ್ತಾ, ಇಲ್ಲ ಇದು ಬರೀ ಶೋಕಿಯಾ?

ಆಗುವ ಒಳ್ಳೆಯದು ತೀರಾ ಕಡಿಮೆ. ನನ್ನನ್ನು ಕಾಡುವುದು ಅದಕ್ಕಿಂತ ದೊಡ್ಡ ವಿಷಯ. ಇಂಥ ಪ್ರಚಾರ ನಡೆದಷ್ಟೂ, ಕಸ ಹುಟ್ಟಿಸುವವರ ಹೊಣೆ ಕೊಳ್ಳುವವರ ತಲೆಗೆ ಬರುತ್ತದೆ. ಮುಂಬೈಯ ಗೋರೆಗಾಂವ್ ಪೂರ್ವದಲ್ಲಿ ನಮ್ಮದೊಂದು ಚಿಕ್ಕ ಹೋಟೆಲ್ ಇದೆ. ಬೆಳಿಗ್ಗೆ ಇಡ್ಲಿ, ದೋಸೆ, ಮಧ್ಯಾಹ್ನ ರೈಸ್ ಪ್ಲೇಟ್. ಗಲ್ಲಾದಲ್ಲಿ ಕೂತು ಕಂಡದ್ದನ್ನೇ ಮೊದಲು ಹೇಳುತ್ತೇನೆ.

ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಬಿದ್ದದ್ದು 2018ರ ಮಾರ್ಚ್ 23ರಂದು. ಜೂನ್ 23ರಿಂದ ದಂಡ ಶುರುವಾಯಿತು. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ, ಎರಡನೇ ಸಲ 10,000, ಮೂರನೇ ಸಲ 25,000 ಮತ್ತು ಜೈಲು. ಅದೇ ವರ್ಷ ವಿಶ್ವ ಪರಿಸರ ದಿನದ ಆತಿಥ್ಯ ಭಾರತದ್ದಾಗಿತ್ತು. ಬಟ್ಟೆ ಚೀಲ ಹಿಡಿದ ತಾರೆಯರ ಫೋಟೋ ಫೋನ್ ತುಂಬ ಬಂದವು. ನಿಷೇಧ ಬೇಕು ಅಂತ ನಾನೂ ಹೇಳುತ್ತಿದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಮೋರಿಗಳಲ್ಲಿ ತೆಳು ಚೀಲ ಸಿಕ್ಕಿಕೊಂಡು ನೀರು ನಿಂತದ್ದನ್ನು ಈ ಊರಿನವರು ಮರೆತಿಲ್ಲ.

ಆದರೆ ದಂಡದ ರಸೀತಿ ಪುಸ್ತಕ ಬಂದದ್ದು ಹೂ ಮಾರುವವಳ ಬುಟ್ಟಿಗೆ, ತರಕಾರಿ ಗಾಡಿಗೆ, ನಮ್ಮಂಥವರ ಪಾರ್ಸೆಲ್ ಮೇಜಿಗೆ. ಕಾರ್ಖಾನೆಯಲ್ಲೇ ಪ್ಯಾಕ್ ಆಗಿ ಬರುವ ಚಿಪ್ಸ್, ಬಿಸ್ಕೆಟ್, ಶಾಂಪೂಗಳಿಗೆ ವಿನಾಯಿತಿ ಇತ್ತು. ಆ ವಿನಾಯಿತಿ ಯಾಕೆ ಅಂತ ಚೀಲ ಹಿಡಿದ ಯಾವ ತಾರೆಯೂ ಕೇಳಿದ್ದನ್ನು ನಾನು ನೋಡಲಿಲ್ಲ.

ಆಮೇಲೆ ಬಂದವು ಹಸಿರು ಅಕ್ಷರದ ಚೀಲಗಳು. ‘ಐ ಆಮ್ ನಾಟ್ ಪ್ಲಾಸ್ಟಿಕ್’ ಅಂತ ಮೇಲೆ ಅಚ್ಚಾಗಿರುತ್ತದೆ. ಬೆಲೆಯೂ ಜಾಸ್ತಿ. ಮಾರಲು ಬಂದ ಹುಡುಗ ಇದು ಮಣ್ಣಿಗೆ ಬಿದ್ದರೆ ಗೊಬ್ಬರ ಆಗುತ್ತದೆ ಅಂದ. ಬಿಸಿ ಸಾಂಬಾರ್ ಹಾಕಿ ನೋಡಿದೆವು. ಗಂಟು ಹಾಕುವಷ್ಟರಲ್ಲಿ ಕೆಳಗಿನ ಅಂಚು ಬಿಟ್ಟುಕೊಂಡು ಮೇಜಿನ ಮೇಲೆಲ್ಲ ಹರಿಯಿತು. ಅದು ಹೋಗಲಿ. ಇಂಥ ಚೀಲ ಗೊಬ್ಬರ ಆಗಬೇಕಾದರೆ 60 ಡಿಗ್ರಿ ಹತ್ತಿರದ ಬಿಸಿಯನ್ನು ದಿನಗಟ್ಟಲೆ ಕಾಯ್ದುಕೊಳ್ಳುವ ಘಟಕಕ್ಕೆ ಅದು ಹೋಗಬೇಕು. ನಮ್ಮ ಕಸದ ಗಾಡಿ ಅದನ್ನು ಬೇರೆ ಮಾಡಿ ಒಯ್ಯುವುದಿಲ್ಲ. ಉಳಿದ ಕಸದ ಜೊತೆಗೇ ಹೋಗುತ್ತದೆ, ಡಂಪಿಂಗ್ ಗ್ರೌಂಡ್ ಸೇರುತ್ತದೆ. ದೇವನಾರ್‌ನಲ್ಲಿ 1927ರಿಂದ ಈ ಊರು ಕಸ ಸುರಿದಿದೆ. 2016ರ ಜನವರಿಯಲ್ಲಿ ಅಲ್ಲಿ ಹೊತ್ತಿಕೊಂಡ ಬೆಂಕಿಯ ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಂಡಿತ್ತು. ಅಲ್ಲಿ ಬಿದ್ದ ಮೇಲೆ ಚೀಲದ ಮೇಲಿನ ಹಸಿರು ಅಕ್ಷರದಿಂದ ಯಾರಿಗೂ ಏನೂ ಪ್ರಯೋಜನ ಇಲ್ಲ.

ಪ್ಲಾಸ್ಟಿಕ್ ಬಗ್ಗೆ ನಿಜ ಗೊತ್ತಿರುವುದು ಭಂಗಾರ್‌ವಾಲಾಗೆ, ಅಂದರೆ ಗುಜರಿ ಕೊಳ್ಳುವವನಿಗೆ. ನಮ್ಮ ಹೋಟೆಲಿಗೆ ಬರುವವನು ಚೀಲ ಸುರಿದು ಕೂತನೆಂದರೆ ಕೈ ನಿಲ್ಲುವುದೇ ಇಲ್ಲ. ನೀರಿನ ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದ್ದರೆ ಅದಕ್ಕೂ ಬೆಲೆ ಕಟ್ಟುತ್ತಾನೆ. ಎಣ್ಣೆ ಕ್ಯಾನ್ ಅಂತೂ ಅವನೇ ಕೇಳಿ ಒಯ್ಯುತ್ತಾನೆ. ಈ ಮಾಲು ಹೋಗುವುದು ಧಾರಾವಿಯ ತೇರಾ ಕಂಪೌಂಡ್ ಕಡೆ. ಅಲ್ಲಿ ಬಣ್ಣ, ಜಾತಿ ನೋಡಿ ಬೇರೆ ಮಾಡಿ, ಪುಡಿ ಮಾಡಿ, ತೊಳೆದು, ಕರಗಿಸಿ ಕಾಳು ಮಾಡುತ್ತಾರೆ. ಚೀಲದಲ್ಲಿ ಕೊನೆಗೆ ಉಳಿಯುವುದು ಹೊಳೆಯುವ ಚಿಕ್ಕ ಚಿಕ್ಕ ಪುಡಿಕೆಗಳು. ಚಿಪ್ಸ್, ಶಾಂಪೂ, ಪಾನ್ ಮಸಾಲ. ಅವನ್ನು ಅವನು ಮುಟ್ಟುವುದೇ ಇಲ್ಲ. ಪ್ಲಾಸ್ಟಿಕ್ ಪದರದ ಮೇಲೆ ಅಲ್ಯೂಮಿನಿಯಂ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್ ಅಂಟಿಸಿರುತ್ತಾರೆ. ಬಿಡಿಸಲು ಆಗುವುದಿಲ್ಲ, ಕೊಳ್ಳುವವರೂ ಇಲ್ಲ. ಮೋರಿಗೆ ಹೋಗುವುದು ಇವೇ.

ಈಗ ಯೋಚನೆ ಮಾಡಿ. ಆ ಪುಡಿಕೆಗಳನ್ನು ಟಿವಿಯಲ್ಲಿ, ಹೋರ್ಡಿಂಗ್‌ನಲ್ಲಿ ಮಾರುವವರು ಯಾರು? ಹಿಂದಿ ಚಿತ್ರರಂಗದ ದೊಡ್ಡ ದೊಡ್ಡ ಹೆಸರುಗಳು. ಗುಟ್ಕಾ, ತಂಬಾಕು, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಪುಡಿಕೆಯಲ್ಲಿ ತುಂಬಿ ಮಾರಬಾರದು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ಇದೆ. ಒಬ್ಬ ತಾರೆ ತಾನು ಪ್ರಚಾರ ಮಾಡುವ ಕಂಪನಿಗೆ ‘ನಿಮ್ಮ ಪುಡಿಕೆ ವಾಪಸ್ ತಗೊಳ್ಳಿ, ಇಲ್ಲವಾದರೆ ನಾನು ಜಾಹೀರಾತಿಗೆ ಬರಲ್ಲ’ ಅಂದರೆ ಸಾವಿರ ಬಿದಿರಿನ ಬ್ರಶ್ ಮಾಡಲಾಗದ ಕೆಲಸ ಆಗುತ್ತದೆ. ಅವರ ಕೈಯಲ್ಲಿ ಆ ಶಕ್ತಿ ಇದೆ. ನಮ್ಮ ಕೈಯಲ್ಲಿ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಸಾಮಾನಿನ ಲೆಕ್ಕಕ್ಕೆ ಬರೋಣ. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಚೀಲಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಹತ್ತಿ ಬೆಳೆಯುವುದರಿಂದ ಹಿಡಿದು ಚೀಲ ಬಿಸಾಡುವ ತನಕ ಆಗುವ ಹಾನಿಯನ್ನೆಲ್ಲ ಕೂಡಿಸಿ ಅಲ್ಲಿನ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರು. ಹವಾಮಾನದ ಲೆಕ್ಕ ಮಾತ್ರ ಹಿಡಿದರೆ, ಆ ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಲು ಮಾಮೂಲಿ ಹತ್ತಿ ಚೀಲವನ್ನು ಕಡಿಮೆಯೆಂದರೂ 52 ಸಲ ಬಳಸಬೇಕು. ಎಲ್ಲ ಬಗೆಯ ಹಾನಿಯನ್ನೂ ಲೆಕ್ಕಕ್ಕೆ ಹಿಡಿದರೆ 7,100 ಸಲ. ಸಾವಯವ ಹತ್ತಿಯಾದರೆ 20,000 ಸಲ. ಮೋರಿ ಕಟ್ಟುವುದು, ದನ ನುಂಗುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ಬಟ್ಟೆ ಚೀಲ ಬೇಡ ಅಂತ ಇದರ ಅರ್ಥ ಅಲ್ಲ. ಒಂದೇ ಚೀಲ ಹರಿಯುವ ತನಕ ಬಳಸಬೇಕು ಅಂತ ಅರ್ಥ. ಮದುವೆಗೊಂದು, ಸೊಸೈಟಿ ಕಾರ್ಯಕ್ರಮಕ್ಕೊಂದು, ಆನ್‌ಲೈನ್ ಆರ್ಡರ್ ಜೊತೆಗೊಂದು ಅಂತ ಮನೆಯಲ್ಲಿ ಹೊಸ ಚೀಲ ಪೇರಿಸಿದರೆ ಹಾನಿಯೇ ಜಾಸ್ತಿ. ಬಿದಿರಿನ ಬ್ರಶ್ಶಿನಲ್ಲೂ ಹೆಚ್ಚಿನವುಗಳ ಕೂದಲು ನೈಲಾನಿನದೇ.

ಹೊಣೆಯನ್ನು ಹೀಗೆ ಮನೆಮನೆಗೆ ಹಂಚುವ ಉಪಾಯ ಹೊಸದಲ್ಲ. ನಿಮ್ಮ ‘ಕಾರ್ಬನ್ ಫುಟ್‌ಪ್ರಿಂಟ್’ (ನಿಮ್ಮ ಬಳಕೆಯಿಂದ ಗಾಳಿಗೆ ಸೇರುವ ಇಂಗಾಲ) ಎಷ್ಟು, ಲೆಕ್ಕ ಹಾಕಿ ಅಂತ ಜನರಿಗೆ ಹೇಳಿಕೊಟ್ಟು ಆ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದ್ದರಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿಪಿಯದ್ದು ದೊಡ್ಡ ಪಾಲು. 2004ರಲ್ಲಿ ಅದೇ ಕಂಪನಿ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ಕೂಡ ಕೊಟ್ಟಿತು. ತೈಲ ತೆಗೆಯುವವರು ನಮ್ಮ ಮನೆಯ ಬಲ್ಬು ಎಣಿಸಲು ಕಲಿಸಿದರು!

ಇನ್ನು ನಮ್ಮ ಪಕ್ಕದ ಆರೆ ಕಾಡು. 2019ರಲ್ಲಿ ಮೆಟ್ರೋ 3ರ ಕಾರ್ ಶೆಡ್‌ಗೆ (ಮೆಟ್ರೋ ರೈಲು ನಿಲ್ಲಿಸುವ ಜಾಗ) ಅಲ್ಲಿನ ಮರ ಕಡಿಯುವ ವಿಷಯ ದೊಡ್ಡದಾಯಿತು. ಜಗಳ ಇದ್ದದ್ದು ಶೆಡ್ ಎಲ್ಲಿ ಕಟ್ಟಬೇಕು ಅನ್ನುವುದಕ್ಕೆ. ಮೆಟ್ರೋ ನಮಗೂ ಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಅಮಿತಾಭ್ ಬಚ್ಚನ್ ಮೆಟ್ರೋ ಹೊಗಳಿ ಟ್ವೀಟ್ ಮಾಡಿದರು. ಮಾಲಿನ್ಯಕ್ಕೆ ಪರಿಹಾರ ಗಿಡ ನೆಡುವುದು, ನಾನು ನನ್ನ ತೋಟದಲ್ಲಿ ನೆಟ್ಟಿದ್ದೇನೆ, ನೀವು ನೆಟ್ಟಿದ್ದೀರಾ ಅನ್ನುವುದು ಅದರ ತಾತ್ಪರ್ಯ. ವಿದ್ಯಾರ್ಥಿಗಳು ಅವರ ಜುಹೂ ಮನೆ ಮುಂದೆ ಫಲಕ ಹಿಡಿದು ನಿಂತರು. ಆರೆಯಲ್ಲಿ ವಾರ್ಲಿ ಆದಿವಾಸಿಗಳ ಪಾಡಾಗಳಿವೆ (ಹಾಡಿಗಳು), ಚಿರತೆ ಓಡಾಡುತ್ತದೆ. ಬಂಗಲೆಯ ತೋಟಕ್ಕೂ ಇದಕ್ಕೂ ಏನು ಸಂಬಂಧ? ಅಕ್ಟೋಬರ್ 4ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಅದೇ ರಾತ್ರಿ ಗರಗಸ ಶುರುವಾಯಿತು. ತಡೆಯಲು ಹೋದವರಲ್ಲಿ 29 ಜನರನ್ನು ಬಂಧಿಸಿದರು. 7ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿ ಅನ್ನುವಷ್ಟರಲ್ಲಿ 2,141 ಮರ ಉರುಳಿದ್ದವು. ಶ್ರದ್ಧಾ ಕಪೂರ್ ಅದಕ್ಕೂ ಮೊದಲು ಆರೆಯ ಪ್ರತಿಭಟನೆಗೆ ಖುದ್ದು ಬಂದು ನಿಂತಿದ್ದರು. ಅದನ್ನು ಹೇಳಲೇಬೇಕು. ಆದರೆ ಪೊಲೀಸ್ ಠಾಣೆ, ಕೋರ್ಟು ಅಂತ ಓಡಾಡಿದವರು ಹೆಸರಿಲ್ಲದ ಹುಡುಗ ಹುಡುಗಿಯರು.

ಅದೇ ಸೆಪ್ಟೆಂಬರ್‌ನಲ್ಲಿ ಹಾಲಿವುಡ್‌ನ ಲಿಯೊನಾರ್ಡೊ ಡಿಕಾಪ್ರಿಯೊ ‘ಕಾವೇರಿ ಕೂಗು’ ಅಭಿಯಾನಕ್ಕೆ ಬೆಂಬಲ ಕೊಟ್ಟರು. 242 ಕೋಟಿ ಗಿಡ ನೆಡುವ ಅಭಿಯಾನ ಅದು. ಬೆಂಬಲ ಹಿಂದಕ್ಕೆ ತಗೊಳ್ಳಿ ಅಂತ ಇಲ್ಲಿನ ಪರಿಸರ ಸಂಘಟನೆಗಳು ಅವರಿಗೆ ಪತ್ರ ಬರೆದವು. ನದಿ ಬತ್ತುವುದಕ್ಕೆ ಮರಳುಗಾರಿಕೆ, ಅಣೆಕಟ್ಟು, ಬೆಳೆ ಪದ್ಧತಿ ಅಂತ ಹತ್ತು ಕಾರಣಗಳಿರುತ್ತವೆ. ಗಿಡದ ಫೋಟೋದಲ್ಲಿ ಅವು ಯಾವುವೂ ಕಾಣುವುದಿಲ್ಲ. ಕಾವೇರಿ ದಡದಲ್ಲಿ ಒಂದು ದಿನವೂ ನಿಲ್ಲದವರ ಒಂದು ಮಾತು, ದಡದಲ್ಲೇ ಬದುಕುವವರ ಮಾತಿಗಿಂತ ದೂರ ಹೋಗುತ್ತದೆ. ಇದು ನನಗೆ ನೋವಿನ ಸಂಗತಿ.

ಹಾಗಂತ ಹೆಸರಿದ್ದವರು ಬಾಯಿ ಮುಚ್ಚಿಕೊಂಡಿರಲಿ ಅಂತ ನಾನು ಹೇಳುವುದಿಲ್ಲ. ನಮ್ಮ ಕಾರಂತಜ್ಜನನ್ನು ನೋಡಿ. ಜ್ಞಾನಪೀಠ ಬಂದಾಗಿತ್ತು, ವಯಸ್ಸು ಎಂಬತ್ತು ದಾಟಿತ್ತು. ಮನೆಯಲ್ಲಿ ಕೂತು ಸನ್ಮಾನ ಮಾಡಿಸಿಕೊಳ್ಳಬಹುದಿತ್ತು. ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ಬೇಡ ಅಂತ ಬೀದಿಗಿಳಿದರು, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೂ ನಿಂತರು. ಸೋತರು. ಸ್ಥಾವರವೂ ಬಂತು. ಆದರೆ ಸರ್ಕಾರವನ್ನು ಎದುರು ಹಾಕಿಕೊಂಡು, ತಮ್ಮ ಹೆಸರನ್ನೇ ಪಣಕ್ಕಿಟ್ಟರು. ಮುಂಬೈಯಲ್ಲೇ ಇನ್ನೊಂದು ಉದಾಹರಣೆ ಇದೆ. ವರ್ಸೋವಾ ಬೀಚಿನಲ್ಲಿ 2015ರ ಅಕ್ಟೋಬರ್‌ನಲ್ಲಿ ಕಸ ಎತ್ತಲು ಶುರು ಮಾಡಿದ ಅಫ್ರೋಜ್ ಶಾ ಒಬ್ಬ ವಕೀಲರು. ಅವರು ಹೆಸರು ಮಾಡಿದ್ದು ಆ ಕೆಲಸದಿಂದ. ವಾರವಾರ ಎತ್ತಿದರು, ಜನ ಸೇರಿದರು, 2018ರಲ್ಲಿ ಅಲ್ಲಿ ಆಲಿವ್ ರಿಡ್ಲೆ ಆಮೆಮರಿಗಳು ಕಂಡವು. ನನಗಂತೂ ಒಬ್ಬ ತಾರೆಯ ಕಾಳಜಿ ನಿಜವೋ ಅಲ್ಲವೋ ತಿಳಿಯಲು ಎರಡೇ ಪ್ರಶ್ನೆ ಸಾಕು. ಇದರಿಂದ ಅವರು ಏನಾದರೂ ಕಳೆದುಕೊಂಡರಾ? ಕ್ಯಾಮೆರಾ ಹೋದ ಮೇಲೂ ಅಲ್ಲಿದ್ದರಾ?

ನಿಮ್ಮ ಮನೆಯ ವಿಷಯಕ್ಕೆ ಬಂದರೆ, ಕೊಂಡಿರುವುದನ್ನು ಬಿಸಾಡಬೇಡಿ, ಸವೆಯುವ ತನಕ ಬಳಸಿ. ಹೊಸ ‘ಹಸಿರು’ ಸಾಮಾನಿಗೆ ಸುಮ್ನೆ ದುಡ್ಡು ಹಾಕಬೇಡಿ. ಹಸಿ ಕಸ ಬೇರೆ ಇಡಿ, ಹಾಲಿನ ಪ್ಯಾಕೆಟ್ ತೊಳೆದು ಭಂಗಾರ್‌ಗೆ ಕೊಡಿ, ಪಾರ್ಸೆಲ್‌ಗೆ ಮನೆಯ ಡಬ್ಬ ಒಯ್ಯಿರಿ. ನಮ್ಮಲ್ಲಿ ಡಬ್ಬ ತಂದವರಿಗೆ ಸಾಂಬಾರ್ ಒಂದು ಸೌಟು ಜಾಸ್ತಿಯೇ ಬೀಳುತ್ತದೆ.

ಇನ್ನೊಂದು ಕೆಲಸ ಇದೆ, ಅದನ್ನು ಜನ ಮಾಡುವುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಸಿರು ಸುಳ್ಳುಗಳ ಮೇಲೆ ಮಾರ್ಗಸೂಚಿ ತಂದಿದೆ. ಪುರಾವೆ ಇಲ್ಲದೆ ‘ಇಕೋ ಫ್ರೆಂಡ್ಲಿ’, ‘ಗ್ರೀನ್’ ಅಂತ ಜಾಹೀರಾತು ಮಾಡುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಕಂಪನಿಗೆ ಮಾತ್ರ ಅಲ್ಲ, ವಿಚಾರಿಸದೆ ಅದರಲ್ಲಿ ನಟಿಸಿದ ತಾರೆಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷ ತನಕ. ಜಾಹೀರಾತು ನೋಡಿ ಅನುಮಾನ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಪ್ಯಾಕೆಟ್ಟಿನ ಫೋಟೋ, ಬಿಲ್ಲು ಮೂರನ್ನೂ ಇಟ್ಟುಕೊಂಡಿರಿ, ದೂರಿಗೆ ಬೇಕಾಗುತ್ತದೆ.