ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ) ಸ್ಲ್ಯಾಬ್ ಎತ್ತಲು 2.5 ಟನ್ನಿನ ನಾಲ್ಕು ಲಿಫ್ಟಿಂಗ್ ಆಂಕರ್ (ಕಾಂಕ್ರೀಟಿನಲ್ಲಿ ಹುದುಗಿಸುವ ಉಕ್ಕಿನ ಕೊಂಡಿ) ಸಾಕೇ?

6 ಮೀ × 3 ಮೀ, 150 ಮಿ.ಮೀ. ದಪ್ಪದ ಸ್ಲ್ಯಾಬ್ ಆದರೆ ಸಾಲದು. ತೂಕ 2.7 ಘನ ಮೀಟರ್ × ಘನ ಮೀಟರಿಗೆ 2.5 ಟನ್ = 6.75 ಟನ್. ಕ್ರೇನ್ ಎತ್ತುವಾಗಿನ ಜಗ್ಗಾಟಕ್ಕೆ 1.3ರಿಂದ ಗುಣಿಸಿದರೆ ಸುಮಾರು 8.8 ಟನ್. ಭಾರ ಸಮನಾಗಿ ಹಂಚುವ ಬೀಮ್ ಅಥವಾ ರಾಟೆ ಇಲ್ಲದಿದ್ದರೆ ನಾಲ್ಕರಲ್ಲಿ ಎರಡೇ ಆಂಕರ್ ಭಾರ ಹೊರುತ್ತವೆ ಎಂದು ಲೆಕ್ಕ ಹಿಡಿಯಬೇಕು. ಎದುರುಬದುರು ಸ್ಲಿಂಗುಗಳ (ಎತ್ತುವ ಹಗ್ಗ ಅಥವಾ ಸರಪಳಿ) ನಡುವೆ 60 ಡಿಗ್ರಿ ಕೋನವಿದ್ದರೆ ಮತ್ತೆ 1.16 ಪಟ್ಟು. ಅಲ್ಲಿಗೆ ಒಂದರ ಮೇಲೆ 5.1 ಟನ್! ಕೋನ 120 ಡಿಗ್ರಿಗೆ ಅಗಲವಾದರೆ ಎಳೆತ ಇನ್ನೂ ಹೆಚ್ಚು, ಒಂದು ಆಂಕರಿನ ಪಾಲಿಗೆ ಬರುವ ಭಾರದ ದುಪ್ಪಟ್ಟು. ಸಮಹಂಚಿಕೆಯ ಬೀಮ್ ಬಳಸಿದರೂ 60 ಡಿಗ್ರಿಯಲ್ಲಿ ತಲಾ 2.55 ಟನ್ ಬರುತ್ತದೆ, ಅಂದರೆ 2.5 ಟನ್ನಿಗಿಂತ ದೊಡ್ಡದೇ ಬೇಕು.

ಆಂಕರಿನ ತಲೆಯ ಮೇಲೆ ಅಚ್ಚಾಗಿರುವ ಟನ್ ಅಂಕಿಯನ್ನೇ ನಂಬಬೇಡಿ. ತೆಳು ಸ್ಲ್ಯಾಬಿನಲ್ಲಿ ಉಕ್ಕು ತುಂಡಾಗುವ ಮೊದಲೇ ಕಾಂಕ್ರೀಟ್ ಶಂಕುವಿನಾಕಾರದಲ್ಲಿ ಕಿತ್ತು ಬರುತ್ತದೆ. ಆಂಕರಿನ ಉದ್ದ, ಅಂಚಿನಿಂದ ದೂರ, ಎತ್ತುವ ದಿನದ ಕ್ಯೂಬ್ ಬಲ (ಕಾಂಕ್ರೀಟಿನ ಘನಾಕಾರದ ಮಾದರಿ ಒತ್ತಡ ತಡೆಯುವ ಶಕ್ತಿ; ಸಾಮಾನ್ಯವಾಗಿ ಕನಿಷ್ಠ 15 ಎಂಪಿಎ) ಮೂರನ್ನೂ ತಯಾರಕರ ಕೋಷ್ಟಕದಲ್ಲಿ ನೋಡಿಯೇ ಆರಿಸಿ.

ಕೊಳ್ಳುವಾಗ ಬ್ಯಾಚ್ ಸಂಖ್ಯೆಯಿರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ; ಕ್ಲಚ್ (ಆಂಕರಿನ ತಲೆಯನ್ನು ಹಿಡಿದು ಸ್ಲಿಂಗಿಗೆ ಜೋಡಿಸುವ ಕೊಂಡಿ) ಅದೇ ವ್ಯವಸ್ಥೆಯದ್ದು, ಅದೇ ಟನ್ನಿನದ್ದು ಇರಲಿ. ಟಿಎಂಟಿ ಸರಳು ಬಗ್ಗಿಸಿ ಕೊಕ್ಕೆ ಮಾಡುವುದು ಬೇಡವೇ ಬೇಡ: ಬಾಗಿದ ಕಡೆ ಬಿರುಕು ಬಿಟ್ಟು ಮುನ್ಸೂಚನೆಯಿಲ್ಲದೆ ತುಂಡಾಗಬಹುದು.