ಕೇಸರದ ಜಾಗದಲ್ಲಿ ಅಂಡಾಶಯ ಬರೋದು ಹೇಗೆ?

ಒಂದೇ ಜೀನ್ ಕೆಟ್ಟರೆ ಭತ್ತದ ಹೂವಿನ ಕೇಸರಗಳೆಲ್ಲ ಹೇಗೆ ಮಾಯವಾಗುತ್ತವೆ ಅಂತ ಕೇಳಿದ್ದೀರಿ. ನಿಜ ಹೇಳಬೇಕಂದ್ರೆ ಅವು ಮಾಯ ಆಗಲ್ಲ, ಬೇರೆ ಏನೋ ಆಗಿಬಿಡುತ್ತವೆ.

ಭತ್ತದ ಒಂದು ಹೂವಲ್ಲಿ 6 ಕೇಸರ, ಅಂದ್ರೆ ಪರಾಗ ಕೊಡುವ ಗಂಡು ಭಾಗಗಳು ಇರುತ್ತವೆ. "ಇಲ್ಲಿ ಕೇಸರ ಬೆಳೆಯಲಿ" ಅಂತ ಹೇಳುವ ಜೀನ್‌ಗಳಲ್ಲಿ ಒಂದರ ಹೆಸರು ಸೂಪರ್‌ವುಮನ್1. ಅದು ಪೂರ್ತಿ ಕೆಟ್ಟರೆ ಆ ಜಾಗದಲ್ಲಿ ಹೆಣ್ಣು ಭಾಗಗಳೇ ಬೆಳೆಯುತ್ತವೆ (ಹೆಸರಿನ ಗುಟ್ಟು ಈಗ ಗೊತ್ತಾಯ್ತಲ್ವಾ!). ಪರಾಗವೇ ಇಲ್ಲದ ಮೇಲೆ ತನ್ನಷ್ಟಕ್ಕೆ ಕಾಳು ಕಟ್ಟೋದು ಎಲ್ಲಿಂದ?

ಇದರ ಉಲ್ಟಾನೂ ಇದೆ. ಡ್ರೂಪಿಂಗ್ ಲೀಫ್ ಜೀನ್ ಕೆಟ್ಟರೆ ಅಂಡಾಶಯದ ಜಾಗದಲ್ಲಿ ಕೇಸರ ಬರುತ್ತದೆ, ಜೊತೆಗೆ ಎಲೆಯ ನಡುನರ ಸರಿಯಾಗಿ ಬೆಳೆಯದೆ ಎಲೆ ಜೋತು ಬೀಳುತ್ತದೆ.

ನನಗೆ ಜಾಸ್ತಿ ಇಷ್ಟ ಆಗೋದು ಸೂಪರ್‌ವುಮನ್1ರ ಒಂದು ಸಣ್ಣ ಬದಲಾವಣೆ. ಪ್ರೋಟೀನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬೇರೆ, ಅಷ್ಟೇ. ಕೇಸರ ಚೆನ್ನಾಗೇ ಇರುತ್ತವೆ, ಆದರೆ ನೀರು ಹೀರಿ ಉಬ್ಬಿ ಹೂವನ್ನು ತೆರೆಯಬೇಕಾದ ಲಾಡಿಕ್ಯೂಲ್ ಅನ್ನೋ ಪುಟ್ಟ ಭಾಗಗಳು ಉಬ್ಬುವುದಿಲ್ಲ. ಹೂವು ಮುಚ್ಚಿಕೊಂಡೇ ತನ್ನ ಪರಾಗದಿಂದ ಕಾಳು ಕಟ್ಟುತ್ತದೆ, ಪರಾಗ ಪಕ್ಕದ ಗಿಡಕ್ಕೆ ಹಾರೋದು ತಪ್ಪುತ್ತದೆ.

ಹಾಗಾಗಿ ಮ್ಯುಟೇಶನ್ (ಜೀನ್‌ನಲ್ಲಾಗುವ ಬದಲಾವಣೆ) ಅಂದ ತಕ್ಷಣ ಸುಮ್ನೆ ರೋಗ ಅಂದುಕೊಳ್ಳಬೇಡಿ. ತೆನೆಯಲ್ಲಿ ಆರು ಸಾಲು ಕಾಳಿರುವ ಬಾರ್ಲಿ ಹುಟ್ಟಿದ್ದೂ ವಿಆರ್‌ಎಸ್1 ಅನ್ನೋ ಜೀನ್ ಕೆಟ್ಟಿದ್ದರಿಂದಲೇ.