ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ನೆಲದ ಮೇಲೆ ಹಾವಿನ ಹಾಗೆ ಅಂಕುಡೊಂಕಾಗಿ ಯಾಕೆ ಸಾಗುತ್ತದೆ?

ಪೈಲಟ್‌ಗೆ ಎದುರಿಗೆ ಏನಿದೆ ಅಂತ ಕಾಣಿಸುವುದಿಲ್ಲ, ಅಷ್ಟೇ. ನೋಡುವವರಿಗೆ ಗತ್ತು ಅನ್ನಿಸುತ್ತದೆ, ಪಾಪ ಅವನದು ಕತ್ತು ಚಾಚುವ ಪಾಡು.

ಈಗಿನ ವಿಮಾನಗಳಿಗೆ ಮೂಗಿನ ಕೆಳಗೊಂದು ಚಕ್ರ ಇರುವುದರಿಂದ ನೆಲದ ಮೇಲೂ ಮಟ್ಟಸವಾಗಿ ನಿಲ್ಲುತ್ತವೆ. 1936ರಲ್ಲಿ ಮೊದಲು ಹಾರಿದ ಸ್ಪಿಟ್‌ಫೈರ್‌ಗೆ ಆ ಮೂರನೇ ಚಕ್ರ ಬಾಲದ ಅಡಿಯಲ್ಲಿದೆ, ಅದೂ ಪುಟ್ಟದು. ಹಾಗಾಗಿ ಬಾಲ ತಗ್ಗಿ, ಮೂಗು ಆಕಾಶ ನೋಡುತ್ತಿರುತ್ತದೆ. ಆ ಮೂಗಿನೊಳಗೆ 27 ಲೀಟರಿನ, 12 ಸಿಲಿಂಡರಿನ ಮರ್ಲಿನ್ ಇಂಜಿನ್ ಉದ್ದಕ್ಕೆ ಮಲಗಿದೆ. ಹಿಂದೆ ಕೂತವನಿಗೆ ಎದುರು ಬರೀ ಇಂಜಿನ್ ಮುಚ್ಚಳ. ಎಡಕ್ಕೆ ತಿರುಗಿಸಿ ಬಲಗಡೆಯಿಂದ ಇಣುಕುತ್ತಾನೆ, ಬಲಕ್ಕೆ ತಿರುಗಿಸಿ ಎಡಗಡೆಯಿಂದ.

ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಂಥ ಹುಲ್ಲಿನ ಮೈದಾನದಲ್ಲಿ, ಬೇಸಿಗೆಯ ಪ್ರದರ್ಶನದ ದಿನ ಬೇಲಿ ಪಕ್ಕ ನಿಂತರೆ ಇನ್ನೊಂದು ವಿಷಯ ಗೊತ್ತಾಗುತ್ತದೆ: ಇಂಜಿನ್ ಶುರುವಾದ ಮೇಲೆ ವಿಮಾನ ಜಾಸ್ತಿ ಹೊತ್ತು ಸುಮ್ನೆ ನಿಂತಿರುವುದಿಲ್ಲ. ಇಂಜಿನ್ ತಂಪು ಮಾಡುವ ರೇಡಿಯೇಟರ್ ರೆಕ್ಕೆಯ ಕೆಳಗಿದೆ, ಹಾರುವಾಗಿನ ಗಾಳಿಯನ್ನೇ ನಂಬಿಕೊಂಡಿದೆ. ನೆಲದ ಮೇಲೆ ಗಾಳಿ ಸಾಲದು, ಮೇಲಿಂದ ಇಳಿಬಿಟ್ಟ ಚಕ್ರದ ಕಾಲು ಬೇರೆ ಅಡ್ಡ. ಬಿಸಿಲಿದ್ದರಂತೂ ಇಂಜಿನ್ ಬೇಗ ಬಿಸಿಯೇರುತ್ತದೆ.

ಇಳಿಯುವಾಗಲೂ ನೇರವಾಗಿ ಬರದೆ ಕಮಾನಿನಂತೆ ತಿರುಗುತ್ತಲೇ ಬರುತ್ತದೆ ಅಲ್ವಾ? ಅದಕ್ಕೂ ಆ ಉದ್ದ ಮೂಗೇ ಕಾರಣ.